ಚೀನಾದ ನರ್ಸ್‌ಗಳು ದನಿ ಎತ್ತುವುದಕ್ಕೆ ಕಡಿಮೆ ಅಂಕ ಕೊಡುವುದೇಕೆ?

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ನರ್ಸಿಂಗ್ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ನರ್ಸ್‌ಗಳ ವೃತ್ತಿ ಮೌಲ್ಯಗಳ ಮೇಲೆ ಥೀಸಿಸ್ ಮಾಡುತ್ತಿದ್ದೇನೆ. ನನಗೆ ಸಿಕ್ಕ ಪೇಪರ್‌ಗಳಲ್ಲಿ ಅರ್ಧಕ್ಕರ್ಧ ಚೀನಾದವು. ಬಹುತೇಕ ಎಲ್ಲದರಲ್ಲೂ ಒಂದೇ ಬಗೆಯ ಪ್ರಶ್ನಾವಳಿ, ಒಂದೇ ಕಥೆ. ಆರೈಕೆಯ ಭಾಗಕ್ಕೆ ಜಾಸ್ತಿ ಅಂಕ, 'ಆ್ಯಕ್ಟಿವಿಸಂ' ಭಾಗಕ್ಕೆ ಕಡಿಮೆ. ಅದು ಕನ್‌ಫ್ಯೂಷಿಯಸ್ ಸಂಸ್ಕೃತಿ, ಅವರು ಹಿರಿಯರಿಗೆ ಎದುರು ಮಾತಾಡುವುದಿಲ್ಲ, ಅಷ್ಟೇ ಅಂತ ನಮ್ಮ ಗೈಡ್ ಹೇಳುತ್ತಾರೆ. ಇದು ನಿಜವೇ? ಅದೇ ಪ್ರಶ್ನಾವಳಿಯನ್ನು ಇಲ್ಲಿನ ಆಸ್ಪತ್ರೆಯ ಸಿಸ್ಟರ್‌ಗಳಿಗೆ ಕೊಟ್ಟು, ಬಂದ ಅಂಕವನ್ನು ಚೀನಾದ ಅಂಕದ ಜೊತೆ ಹೋಲಿಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಗೈಡ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ತೀರಾ ಸುಲಭದ ಉತ್ತರ. ಚೀನಾ ಅಂದ ಕೂಡಲೇ ಅಲ್ಲಿನ ಪ್ರಾಚೀನ ತತ್ವಜ್ಞಾನಿ ಕನ್‌ಫ್ಯೂಷಿಯಸ್‌ನನ್ನು ಕರೆತಂದು ಕೂರಿಸಿದರೆ ಯಾವ ಪ್ರಶ್ನೆಗಾದರೂ ಉತ್ತರ ಸಿಕ್ಕಿಬಿಡುತ್ತದೆ. ವೈವಾದಲ್ಲಿ ಮುಂದೆ ಯಾರೂ ಕೇಳುವುದೂ ಇಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆ ಕಡಿಮೆ ಅಂಕದಲ್ಲಿ ಚೀನಾದ ನರ್ಸ್‌ಗಳ ಮನಸ್ಸು ಸ್ವಲ್ಪ ಕಾಣುತ್ತದೆ. ಅವರ ಕೈಗೆ ಏನು ಎಟಕುತ್ತದೆ, ಏನು ಎಟಕುವುದಿಲ್ಲ ಎಂಬುದು ಅದಕ್ಕಿಂತ ಜಾಸ್ತಿ ಕಾಣುತ್ತದೆ. ಹೇಗೆ ಅಂತ ಹೇಳುತ್ತೇನೆ.

ಮೊದಲು ಪ್ರಶ್ನಾವಳಿಯನ್ನೇ ನೋಡೋಣ. ನೀವು ಓದುತ್ತಿರುವ ಪೇಪರ್‌ಗಳಲ್ಲಿ ಬಳಸಿದ 'ನರ್ಸಸ್ ಪ್ರೊಫೆಷನಲ್ ವ್ಯಾಲ್ಯೂಸ್ ಸ್ಕೇಲ್' (ನರ್ಸ್‌ಗಳ ವೃತ್ತಿ ಮೌಲ್ಯಗಳ ಅಳತೆಪಟ್ಟಿ) ಡಾರ್ಲೀನ್ ವೈಸ್ ಮತ್ತು ಮೇರಿ ಜೇನ್ ಶ್ಯಾಂಕ್ ಎಂಬ ಇಬ್ಬರು ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿಯರು ಮಾಡಿದ್ದು. 2000ದಲ್ಲಿ ಬಂದ ಮೊದಲ ಆವೃತ್ತಿಯಲ್ಲಿ 44 ಸಾಲುಗಳಿದ್ದವು. 2009ರಲ್ಲಿ ಅದನ್ನು 26ಕ್ಕೆ ಇಳಿಸಿದರು. 2017ರಲ್ಲಿ 28 ಸಾಲಿನ ಮೂರನೇ ಆವೃತ್ತಿ ಬಂತು. ಪ್ರತಿ ಸಾಲಿಗೂ 'ನನಗೆ ಇದು ಎಷ್ಟು ಮುಖ್ಯ' ಅಂತ 1ರಿಂದ 5ರವರೆಗೆ ಅಂಕ ಕೊಡಬೇಕು. 26 ಸಾಲಿನದ್ದಾದರೆ ಒಟ್ಟು ಅಂಕ 26ರಿಂದ 130ರ ನಡುವೆ ಇರುತ್ತದೆ. ಇಷ್ಟು ನಿಮಗೆ ಗೊತ್ತಿರುತ್ತದೆ. ಗಮನಿಸಬೇಕಾದ್ದು ಬೇರೆ ಇದೆ. ಈ ಸಾಲುಗಳೆಲ್ಲ ಅಮೆರಿಕದ ನರ್ಸ್‌ಗಳ ಸಂಘ ಅಲ್ಲಿನ ನರ್ಸ್‌ಗಳಿಗಾಗಿ ಬರೆದ ನೀತಿ ಸಂಹಿತೆಯಿಂದ ಹುಟ್ಟಿದವು. ಅಲ್ಲಿನ ಸಂಘ ಕಾನೂನು ರಚನೆಯಲ್ಲಿ ಮೂಗು ತೂರಿಸುತ್ತದೆ, ರಾಜಕಾರಣಿಗಳ ಬಾಗಿಲು ತಟ್ಟುತ್ತದೆ. ಹಾಗಾಗಿ 'ಸಂಪನ್ಮೂಲ ಹಂಚಿಕೆಯ ಸರ್ಕಾರಿ ನೀತಿಗಳನ್ನು ಮಾಡುವಾಗ ಭಾಗವಹಿಸುವುದು', 'ಆರೋಗ್ಯ ನೀತಿ ರೂಪಿಸುವಲ್ಲಿ ವೃತ್ತಿ ಸಂಘಗಳ ಪಾತ್ರವನ್ನು ಗುರುತಿಸುವುದು', 'ಸಹೋದ್ಯೋಗಿಗಳ ಕೆಲಸದ ಪರಸ್ಪರ ವಿಮರ್ಶೆಯಲ್ಲಿ ಪಾಲ್ಗೊಳ್ಳುವುದು', ಇಂಥ ಸಾಲುಗಳು ಬಂದಿವೆ. ಆ್ಯಕ್ಟಿವಿಸಂ ಅಂದರೆ ಇಲ್ಲಿ ಘೋಷಣೆ ಕೂಗುವುದಲ್ಲ, ಇವುಗಳಲ್ಲಿ ನೀತಿಯ ಮತ್ತು ಸಂಘದ ಸಾಲುಗಳಂಥವು.

ಈಗ ಒಂದು ಸಣ್ಣ ಪರೀಕ್ಷೆ ಮಾಡಿ. ಇರಾನ್‌ನ ಅಧ್ಯಯನಗಳನ್ನು ತೆಗೆದು ನೋಡಿ. ಅಲ್ಲೂ ಕೊನೆಯ ಸ್ಥಾನಗಳಲ್ಲಿ ಇರುವುದು ಹೆಚ್ಚುಕಡಿಮೆ ಇವೇ ಸಾಲುಗಳು: ನೀತಿ ನಿರ್ಧಾರ, ಪರಸ್ಪರ ವಿಮರ್ಶೆ, ಸಂಘಗಳ ಪಾತ್ರ. ಇರಾನ್‌ನಲ್ಲಿ ಕನ್‌ಫ್ಯೂಷಿಯಸ್ ಎಲ್ಲಿಂದ ಬಂದ? ಬೇರೆ ಬೇರೆ ಧರ್ಮ, ಬೇರೆ ಬೇರೆ ಸರ್ಕಾರ ಇರುವ ಕಡೆಯಲ್ಲೂ ನರ್ಸ್‌ಗಳು ಹಾಸಿಗೆ ಪಕ್ಕದ ಕೆಲಸಕ್ಕೆ 5 ಕೊಟ್ಟು, ನೀತಿ ನಿರ್ಧಾರಕ್ಕೆ 3 ಕೊಡುತ್ತಾರೆ. ದಿನಕ್ಕೆ ಎಂಟು ಗಂಟೆ ವಾರ್ಡಿನಲ್ಲಿ ಇರುವವರು ಕಣ್ಣೆದುರಿನದನ್ನು ಮುಖ್ಯ ಅನ್ನುವುದು ಸಹಜ ಅಲ್ವಾ?

ಹಾಗಂತ ಚೀನಾದ್ದೇ ಆದ ಕಾರಣಗಳು ಇಲ್ಲವೆಂದಲ್ಲ. ಇವೆ. ಅವು ಹಳೆಯ ಗ್ರಂಥಗಳಿಗಿಂತ ಈಚಿನ ಇತಿಹಾಸದಲ್ಲಿ ಜಾಸ್ತಿ ಸಿಗುತ್ತವೆ.

ಆಧುನಿಕ ನರ್ಸಿಂಗ್ ಚೀನಾಕ್ಕೆ ಬಂದದ್ದು ಮಿಷನರಿಗಳ ಜೊತೆ. 1884ರಲ್ಲಿ ಎಲಿಜಬೆತ್ ಮೆಕೆಕ್ನಿ ಶಾಂಘೈಗೆ ಬಂದರು. 1888ರಲ್ಲಿ ಫುಝೌನಲ್ಲಿ ಮೊದಲ ನರ್ಸಿಂಗ್ ಶಾಲೆ ಶುರುವಾಯಿತು. 1909ರಲ್ಲಿ ನರ್ಸ್‌ಗಳ ಸಂಘ ಹುಟ್ಟಿತು. 1922ರಲ್ಲಿ ಅದು ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ ಸೇರಿತು. ಬೀಜಿಂಗ್‌ನಲ್ಲಿ 1920ರ ದಶಕದಲ್ಲೇ ಪದವಿ ಮಟ್ಟದ ನರ್ಸಿಂಗ್ ಶಿಕ್ಷಣ ಇತ್ತು. ಅಂದರೆ ಆರಂಭ ಚೆನ್ನಾಗಿಯೇ ಇತ್ತು.

ಆಮೇಲೆ ಏನಾಯಿತು ನೋಡಿ. 1950ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯ ಮಟ್ಟದ ನರ್ಸಿಂಗ್ ನಿಂತೇ ಹೋಯಿತು. ಉಳಿದದ್ದು ಮಾಧ್ಯಮಿಕ ಮಟ್ಟದ ನರ್ಸಿಂಗ್ ಶಾಲೆಗಳು ಮಾತ್ರ. ಒಂಬತ್ತು ವರ್ಷದ ಶಾಲೆ ಮುಗಿಸಿದ ಹದಿನೈದು-ಹದಿನಾರರ ಹುಡುಗಿಯರು ಸೇರುತ್ತಿದ್ದರು. ಮೂರು ವರ್ಷ ಕಲಿತು ವಾರ್ಡಿಗೆ ಇಳಿಯುತ್ತಿದ್ದರು. ಮಾವೊ ಕಾಲದ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ (1966–76) ಆ ಶಾಲೆಗಳಿಗೂ ಏಟು ಬಿತ್ತು. ಪದವಿ ಶಿಕ್ಷಣ ಮತ್ತೆ ಶುರುವಾದದ್ದು 1983ರಲ್ಲಿ, ತಿಯಾಂಜಿನ್‌ನಲ್ಲಿ. ಸುಮಾರು ಮೂವತ್ತು ವರ್ಷ ಖಾಲಿ! ಅಂತರರಾಷ್ಟ್ರೀಯ ಮಂಡಳಿಗೆ ಚೀನಾದ ಸಂಘ ಮರಳಿದ್ದಂತೂ 2013ರಲ್ಲಿ.

ಈ ಮೂವತ್ತು ವರ್ಷದ ಖಾಲಿ ಜಾಗವನ್ನು ನಿಮ್ಮ ಥೀಸಿಸ್‌ನಲ್ಲಿ ಮರೆಯಬೇಡಿ. ಹದಿನೆಂಟು-ಹತ್ತೊಂಬತ್ತಕ್ಕೆ ಕೆಲಸಕ್ಕೆ ಸೇರಿದ ಹುಡುಗಿ, ಐದು ವರ್ಷ ಮೆಡಿಕಲ್ ಓದಿ ಬಂದ ವೈದ್ಯರ ಎದುರು ನಿಂತು 'ಈ ಆರ್ಡರ್ ಸರಿ ಇಲ್ಲ' ಅನ್ನುವುದು ಸುಲಭವಲ್ಲ. ಅದಕ್ಕೆ ಕನ್‌ಫ್ಯೂಷಿಯಸ್ ಬೇಕಿಲ್ಲ. ಯಾವ ಊರಿನಲ್ಲೂ ಸುಲಭವಲ್ಲ. ಅವಳೇ ಮುಂದೆ ಹೆಡ್ ನರ್ಸ್ ಆದಳು, ಹೊಸಬರಿಗೆ ಕಲಿಸಿದಳು. ವಾರ್ಡಿನ ರೂಢಿ ಹೀಗೆ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಇಳಿದು ಬರುತ್ತದೆ. ಈಗ ಚಿತ್ರ ಬದಲಾಗಿದೆ. 2020ರ ಹೊತ್ತಿಗೆ ಅಲ್ಲಿನ ನರ್ಸ್‌ಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಜಾಸ್ತಿ ಜನ ಕಾಲೇಜು ಡಿಪ್ಲೊಮಾ ಅಥವಾ ಅದಕ್ಕಿಂತ ಮೇಲೆ ಓದಿದವರು. ಹೆಚ್ಚು ಓದಿದವರು, ಮೇಲಿನ ದರ್ಜೆಗೆ ಏರಿದವರು ಮೌಲ್ಯಗಳ ಅಂಕದಲ್ಲೂ ಮೇಲಿರುತ್ತಾರೆ ಎಂಬುದು ಇಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿ. ಸಂಸ್ಕೃತಿಯೊಂದೇ ಕಾರಣವಾಗಿದ್ದರೆ ಓದಿನಿಂದ ಅಂಕ ಯಾಕೆ ಬದಲಾಗಬೇಕು?

ಇನ್ನೊಂದು ಕಾರಣ ಜನಬಲ. ಬಹಳ ಕಾಲ ಚೀನಾದಲ್ಲಿ ನರ್ಸ್‌ಗಳಿಗಿಂತ ವೈದ್ಯರೇ ಜಾಸ್ತಿ ಇದ್ದರು. ಈ ಲೆಕ್ಕ ತಿರುಗಿದ್ದು 2013ರ ಸುಮಾರಿಗೆ. 2020ಕ್ಕೆ ಒಬ್ಬ ವೈದ್ಯರಿಗೆ 1.15 ನರ್ಸ್ ಎಂಬಲ್ಲಿಗೆ ಬಂತು. ಆಗ ಅಲ್ಲಿದ್ದ ನರ್ಸ್‌ಗಳು ಒಟ್ಟು 47 ಲಕ್ಷಕ್ಕೂ ಮೇಲೆ. 2025ರೊಳಗೆ 55 ಲಕ್ಷ ಆಗಬೇಕು, ಸಾವಿರ ಜನರಿಗೆ 3.8 ನರ್ಸ್ ಇರಬೇಕು ಅಂತ ಸರ್ಕಾರ ಗುರಿ ಇಟ್ಟುಕೊಂಡಿತ್ತು. ಸಂಖ್ಯೆ ಬೆಳೆದಿದೆ, ನಿಜ. ಆದರೆ ಕೈ ಸಾಲದ ವಾರ್ಡಿನಲ್ಲಿ ನರ್ಸಿನ ದಿನ ಹೇಗೆ ಕಳೆಯುತ್ತದೆ ಅಂದರೆ ಡ್ರಿಪ್, ಇಂಜೆಕ್ಷನ್, ಮಾತ್ರೆ, ಚಾರ್ಟ್. ಮತ್ತೆ ಡ್ರಿಪ್.

ಇಲ್ಲೇ ಒಂದು ಮುಖ್ಯ ವಿಷಯ ಇದೆ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಡಿಮೆ ಅಂಕದ ಬಗ್ಗೆ ಎಲ್ಲರೂ ಪ್ರಶ್ನೆ ಎತ್ತುತ್ತಾರೆ. ಹೆಚ್ಚು ಅಂಕದ ಬಗ್ಗೆ ಯಾರೂ ಎತ್ತುವುದಿಲ್ಲ. ಆರೈಕೆಗೆ ಚೀನಾದ ನರ್ಸ್‌ಗಳು ಹೆಚ್ಚು ಅಂಕ ಕೊಡುತ್ತಾರೆ, ಸರಿ. ಆದರೆ ಅಲ್ಲಿನ ವಾರ್ಡಿನಲ್ಲಿ ರೋಗಿಗೆ ಮೈ ಒರೆಸುವವರು, ಊಟ ಮಾಡಿಸುವವರು, ಮಗ್ಗುಲು ಬದಲಿಸುವವರು ಯಾರು? ಬಹಳಷ್ಟು ಕಡೆ ಮನೆಯವರು. ಮನೆಯವರಿಗೆ ಆಗದಿದ್ದರೆ ದಿನಗೂಲಿಗೆ ಇಟ್ಟುಕೊಂಡ ಆಯಾ. ರಾತ್ರಿ ಹಾಸಿಗೆ ಪಕ್ಕದಲ್ಲಿ ಮಡಚುವ ಮಂಚ ಹಾಕಿಕೊಂಡು ಮಗನೋ ಸೊಸೆಯೋ ಮಲಗಿರುತ್ತಾರೆ. ಓದುವಾಗ ಇದು ನಿಮಗೆ ಅಪರಿಚಿತ ಅನ್ನಿಸಲಿಕ್ಕಿಲ್ಲ. ತಂದೆ-ತಾಯಿಯ ಸೇವೆ ಮಕ್ಕಳ ಕರ್ತವ್ಯ ಎಂಬ ನಂಬಿಕೆ ಒಂದು ಕಡೆ, ಸಿಬ್ಬಂದಿ ಸಾಲದ ಆಸ್ಪತ್ರೆ ಇನ್ನೊಂದು ಕಡೆ. ಎರಡೂ ಸೇರಿ ಆ ವ್ಯವಸ್ಥೆ ಗಟ್ಟಿಯಾಯಿತು. ಯಾರಿಗೂ ತಕರಾರಿಲ್ಲ, ಎಲ್ಲರಿಗೂ ಅನುಕೂಲ. ಆಡಳಿತಕ್ಕಂತೂ ಜಾಸ್ತಿ ಅನುಕೂಲ.

2010ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ ಇದನ್ನು ಬದಲಿಸಲು ಹೊರಟಿತು. ದೇಶದ ಉದ್ದಗಲಕ್ಕೂ 'ಗುಣಮಟ್ಟದ ನರ್ಸಿಂಗ್ ಸೇವೆ' ಎಂಬ ಮಾದರಿ ಯೋಜನೆ ಶುರು ಮಾಡಿತು. ಮೂಲ ಆರೈಕೆ ನರ್ಸ್‌ಗಳ ಕೈಗೆ ಮರಳಬೇಕು, ಮನೆಯವರ ಮೇಲೆ ಬಿಡಬಾರದು ಎಂಬುದು ಅದರ ತಿರುಳು. ಕೆಲಸವನ್ನು ತುಂಡು ತುಂಡಾಗಿ ಹಂಚಿ ಒಬ್ಬರು ಇಂಜೆಕ್ಷನ್ ಮಾತ್ರ, ಇನ್ನೊಬ್ಬರು ಮಾತ್ರೆ ಮಾತ್ರ ಅನ್ನುವುದರ ಬದಲು, ಒಬ್ಬ ನರ್ಸಿಗೆ ಇಂತಿಷ್ಟು ರೋಗಿಗಳು, ಅವರ ಪೂರ್ತಿ ಜವಾಬ್ದಾರಿ ಅವಳದ್ದೇ ಎಂಬ ಪದ್ಧತಿಯನ್ನು ಮುಂದಿಟ್ಟಿತು. ಸರ್ಕಾರ ಇಷ್ಟು ದೊಡ್ಡ ಯೋಜನೆ ಹಾಕಿಕೊಳ್ಳಬೇಕಾಯಿತು ಅಂದರೆ ಏನರ್ಥ? ಕಾಗದದ ಮೇಲೆ ಆರೈಕೆಗೆ 5 ಕೊಡುತ್ತಿದ್ದವರಿಗೆ ವಾರ್ಡಿನಲ್ಲಿ ಅದನ್ನು ಮಾಡಲು ಸಮಯ ಇರಲಿಲ್ಲ ಅಂತ. ಹಾಗಾಗಿ 'ಚೀನಾದ ನರ್ಸ್‌ಗಳು ಆರೈಕೆಯಲ್ಲಿ ಮುಂದೆ, ದನಿ ಎತ್ತುವುದರಲ್ಲಿ ಹಿಂದೆ' ಎಂಬ ವಾಕ್ಯವನ್ನು ದಯವಿಟ್ಟು ಬರೆಯಬೇಡಿ. ಎರಡೂ ಅವರು ಕೊಟ್ಟ ಅಂಕ ಮಾತ್ರ. ಮಾಡುವ ಕೆಲಸದ ಅಳತೆ ಎರಡರಲ್ಲೂ ಇಲ್ಲ.

ಇನ್ನು ಕನ್‌ಫ್ಯೂಷಿಯಸ್ ವಿಷಯಕ್ಕೆ ಬರೋಣ. ಅವನ ಪ್ರಭಾವ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅದನ್ನು ಹುಡುಕಬೇಕಾದ ಜಾಗ ಬೇರೆ. 'ಶೆನ್‌ದು' ಎಂಬ ಒಂದು ಆದರ್ಶ ಇದೆ. ಯಾರೂ ನೋಡದಿರುವಾಗಲೂ ನಡತೆಯಲ್ಲಿ ಎಚ್ಚರವಾಗಿರುವುದು. ಕನ್‌ಫ್ಯೂಷಿಯಸ್ ಪರಂಪರೆಯ ಹಳೆಯ ಗ್ರಂಥಗಳಿಂದ ಬಂದ ಈ ಆದರ್ಶವನ್ನು ಚೀನಾದ ನರ್ಸಿಂಗ್ ನೀತಿ ಪಾಠದಲ್ಲಿ ಇವತ್ತಿಗೂ ಕಲಿಸುತ್ತಾರೆ. ಕೇಳಲು ಸುಮ್ನೆ ಉಪದೇಶದ ಹಾಗೆ ಇದೆ. ವಾರ್ಡಿನಲ್ಲಿ ಇಟ್ಟು ನೋಡಿ.

ರಾತ್ರಿ ಮೂರು ಗಂಟೆ. ವಾರ್ಡಿಗೆ ಒಬ್ಬಳೇ ನರ್ಸ್. ಹೊಸದಾಗಿ ಬಂದ ರೋಗಿಗೆ ಪೆನಿಸಿಲಿನ್ ಕೊಡಬೇಕು. ಚೀನಾದಲ್ಲಿ ಪೆನಿಸಿಲಿನ್‌ಗೆ ಮೊದಲು ಚರ್ಮದ ಪರೀಕ್ಷೆ ಕಡ್ಡಾಯ. ಮುಂಗೈ ಒಳಭಾಗದಲ್ಲಿ ಚರ್ಮದೊಳಗೆ ಒಂದು ಹನಿಯಷ್ಟು ಚುಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಬಂದು ನೋಡಬೇಕು. ಗುಳ್ಳೆ ದೊಡ್ಡದಾಗಿದೆಯೇ, ಸುತ್ತ ಕೆಂಪಾಗಿದೆಯೇ, ತುರಿಕೆ ಇದೆಯೇ. ಅತ್ತ ಮೂರು ಬೆಲ್ ಹೊಡೆಯುತ್ತಿವೆ. ಹನ್ನೆರಡು ನಿಮಿಷಕ್ಕೇ ನೋಡಿ 'ನೆಗೆಟಿವ್' ಅಂತ ಬರೆದು ಇಪ್ಪತ್ತು ನಿಮಿಷದ ಸಮಯ ಹಾಕಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಸಲ ಏನೂ ಆಗುವುದೂ ಇಲ್ಲ. ಆ ಎಂಟು ನಿಮಿಷ ಕಾಯುವುದು ಶೆನ್‌ದು. ತುಂಬಿದ ಸಿರಿಂಜಿನ ಸೂಜಿ ತೋಳಿನ ಬಟ್ಟೆಗೆ ತಾಗಿತೇನೋ ಅಂತ ಅನುಮಾನ ಬಂದಾಗ, ಕಂಡವರು ಯಾರೂ ಇಲ್ಲದಿದ್ದರೂ ಎಸೆದು ಹೊಸದು ತೆಗೆಯುವುದು ಶೆನ್‌ದು.

ಅಲ್ಲಿನ ನರ್ಸ್‌ಗಳಿಗೆ ಬಾಯಿಪಾಠವಾಗಿರುವ ಇನ್ನೊಂದು ನಿಯಮ 'ಮೂರು ತಪಾಸಣೆ, ಏಳು ಹೋಲಿಕೆ'. ಔಷಧ ಕೊಡುವ ಮೊದಲು, ಕೊಡುವಾಗ, ಕೊಟ್ಟ ಮೇಲೆ ನೋಡಬೇಕು. ಹಾಸಿಗೆ ಸಂಖ್ಯೆ, ಹೆಸರು, ಔಷಧದ ಹೆಸರು, ಪ್ರಮಾಣ, ಸಾಂದ್ರತೆ, ಸಮಯ, ಕೊಡುವ ವಿಧಾನ, ಈ ಏಳನ್ನೂ ತಾಳೆ ನೋಡಬೇಕು. ಈಗ ಕೈಪಟ್ಟಿ ಸ್ಕ್ಯಾನ್ ಮಾಡುವ ಯಂತ್ರ ಬಂದಿದೆ. ಆದರೂ ಬಾಯಿಂದ ಹೆಸರು ಕೇಳುವುದು ಬಿಟ್ಟಿಲ್ಲ.

ಈಗ ನೀವು ಆ 26 ಸಾಲುಗಳನ್ನು ಮತ್ತೊಮ್ಮೆ ಓದಿ. ಈ ಎಂಟು ನಿಮಿಷ ಅದರಲ್ಲಿ ಎಲ್ಲಿದೆ? 'ನನ್ನ ಕೆಲಸದ ಹೊಣೆಯನ್ನು ಒಪ್ಪಿಕೊಳ್ಳುವುದು' ಎಂಬ ಸಾಲು ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಅದೇ ಅಲ್ಲ. ಅದು ಕೇಳಿದವರಿಗೆ ಉತ್ತರ ಕೊಡುವ ಹೊಣೆ. ಇದು ಕೇಳುವವರೇ ಇಲ್ಲದ ಕಡೆಯ ಹೊಣೆ. ಚೀನಾದ ನರ್ಸ್‌ಗಳು ತಮ್ಮ ವೃತ್ತಿಯ ಮೊದಲ ಗುಣ ಅಂತ ಯಾವುದನ್ನು ಕಲಿತರೋ ಅದಕ್ಕೆ ಅಂಕ ಹಾಕುವ ಜಾಗವೇ ಪ್ರಶ್ನಾವಳಿಯಲ್ಲಿಲ್ಲ. ಅವರಿಗೆ ದೂರದ್ದಾದ ನೀತಿ ನಿರ್ಧಾರಕ್ಕೆ ಮಾತ್ರ ಜಾಗವಿದೆ. ಆಮೇಲೆ ಅಂಕ ಕಡಿಮೆ ಬಂತು ಅಂದರೆ ಹೇಗೆ?

ಕುಟುಂಬದ ವಿಷಯದಲ್ಲಿ ಸಂಸ್ಕೃತಿಯ ಪಾತ್ರ ಇನ್ನೂ ಗಟ್ಟಿ. 'ರೋಗಿಯ ಪರವಾಗಿ ನಿಲ್ಲುವುದು' ಎಂಬ ಸಾಲು ಇದೆಯಲ್ಲ, ಅದಕ್ಕೆ ಒಬ್ಬ ಚೀನೀ ನರ್ಸ್ 3 ಹಾಕಿದಳು ಅಂದುಕೊಳ್ಳಿ. ಯಾಕೆ ಹಾಕಿದಳು? ಅವಳ ವಾರ್ಡಿನಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಹೊಟ್ಟೆಯ ಕ್ಯಾನ್ಸರ್. ವೈದ್ಯರು ಮೊದಲು ಹೇಳಿದ್ದು ಮಗನಿಗೆ. ಮಗ ಹೆಡ್ ನರ್ಸ್ ಹತ್ತಿರ ಬಂದು, ಅಮ್ಮನಿಗೆ ಹೇಳಬೇಡಿ, ಅಲ್ಸರ್ ಅಂತಲೇ ಇರಲಿ ಅಂತ ಕೈಮುಗಿದಿದ್ದಾನೆ. ಕೀಮೋ ಡ್ರಿಪ್ ಹಾಕುವಾಗ ಅಜ್ಜಿ ಕೇಳುತ್ತಾರೆ, 'ಇದೇನಮ್ಮಾ ಔಷಧ, ಕೂದಲೆಲ್ಲ ಉದುರುತ್ತಿದೆಯಲ್ಲ?' ಮಗ ಆಚೆ ನಿಂತು ನೋಡುತ್ತಿದ್ದಾನೆ. ಈ ನರ್ಸ್ ಯಾರ ಪರ ನಿಲ್ಲಬೇಕು? ಅಮೆರಿಕದ ಸಂಹಿತೆಗೆ ಉತ್ತರ ಸುಲಭ. ರೋಗಿ ಒಬ್ಬಳೇ, ಹಕ್ಕು ಅವಳದ್ದೇ. ಚೀನಾದ ವಾರ್ಡಿನಲ್ಲಿ ರೋಗಿ ಅಂದರೆ ಮನೆಯೂ ಸೇರಿ. ಆಸ್ಪತ್ರೆಯ ಬಿಲ್ ಕಟ್ಟುವವನು ಮಗ, ನಿರ್ಧಾರಕ್ಕೆ ಸಹಿ ಹಾಕುವವನು ಮಗ, ನಾಳೆ ಏನಾದರೂ ಆದರೆ ಜಗಳಕ್ಕೆ ಬರುವವನೂ ಮಗ. ಬಹಳ ನರ್ಸ್‌ಗಳು ಮಾಡುವುದು ನಡುವಿನ ದಾರಿ. 'ಡಾಕ್ಟರ್ ಬಂದಾಗ ಕೇಳೋಣ ಅಜ್ಜಿ' ಅನ್ನುತ್ತಾರೆ. ಸುಳ್ಳೂ ಅಲ್ಲ, ನಿಜವೂ ಅಲ್ಲ. ನಮ್ಮ ಕಡೆ ವಾರ್ಡಿನಲ್ಲಿ ಕೆಲಸ ಮಾಡಿದವರಿಗೂ ಈ ಉತ್ತರ ಗೊತ್ತು.

ಕಾನೂನು ಇಲ್ಲಿ ಸ್ವಲ್ಪ ಮುಂದೆ ಹೋಗಿದೆ. 2021ರಿಂದ ಜಾರಿಯಲ್ಲಿರುವ ಅಲ್ಲಿನ ನಾಗರಿಕ ಸಂಹಿತೆಯ 1219ನೇ ವಿಧಿ, ರೋಗದ ಸ್ಥಿತಿ ಮತ್ತು ಚಿಕಿತ್ಸೆಯನ್ನು ರೋಗಿಗೇ ವಿವರಿಸಬೇಕು ಅನ್ನುತ್ತದೆ. ಅದು ಸಾಧ್ಯವಾಗದಿದ್ದರೆ ಅಥವಾ ಸೂಕ್ತವಲ್ಲದಿದ್ದರೆ ಹತ್ತಿರದ ಸಂಬಂಧಿಕರಿಗೆ. ಈ 'ಸೂಕ್ತವಲ್ಲದಿದ್ದರೆ' ಎಂಬ ಒಂದು ಕಿಂಡಿಯಲ್ಲಿ ಹಳೆಯ ರೂಢಿ ಪೂರ್ತಿ ಒಳಗೆ ನುಗ್ಗುತ್ತದೆ.

ದನಿ ಎತ್ತುವ ವಿಷಯದಲ್ಲೂ ಕಾನೂನು ಕಾಗದದ ಮೇಲೆ ಗಟ್ಟಿಯಾಗಿದೆ. ಇದನ್ನು ನಿಮ್ಮ ಗೈಡ್‌ಗೆ ತೋರಿಸಿ. ಚೀನಾದ 'ನರ್ಸ್‌ಗಳ ನಿಯಮಾವಳಿ' 2008ರ ಮೇ 12ರಂದು ಜಾರಿಗೆ ಬಂತು. ಅದರ 17ನೇ ವಿಧಿ ಹೀಗಿದೆ: ವೈದ್ಯರ ಆರ್ಡರ್ ಕಾನೂನಿಗೋ ಚಿಕಿತ್ಸಾ ನಿಯಮಗಳಿಗೋ ವಿರುದ್ಧವಾಗಿದೆ ಅಂತ ಕಂಡರೆ, ಅದನ್ನು ಬರೆದ ವೈದ್ಯರಿಗೆ ನರ್ಸ್ ಕೂಡಲೇ ಹೇಳಬೇಕು. ಅಗತ್ಯ ಬಿದ್ದರೆ ಆ ವಿಭಾಗದ ಮುಖ್ಯಸ್ಥರಿಗೆ ಅಥವಾ ಆಸ್ಪತ್ರೆಯಲ್ಲಿ ಚಿಕಿತ್ಸೆಯ ಆಡಳಿತ ನೋಡುವವರಿಗೆ ತಿಳಿಸಬೇಕು. 'ಹೇಳಬಹುದು' ಅಂತಿಲ್ಲ, 'ಹೇಳಬೇಕು' ಅಂತಿದೆ. ಅಂದರೆ ಎದುರು ಮಾತಾಡುವುದು ಅಲ್ಲಿನ ನರ್ಸಿನ ಕಾನೂನುಬದ್ಧ ಕರ್ತವ್ಯ. ವಾರ್ಡಿನಲ್ಲಿ ಅದು ನಡೆಯುವ ರೀತಿ ಬೇರೆ. ಕಿರಿಯ ನರ್ಸ್ ನೇರವಾಗಿ ವೈದ್ಯರ ಹತ್ತಿರ ಹೋಗುವುದಿಲ್ಲ. ಹೆಡ್ ನರ್ಸ್ ಕಿವಿಗೆ ಹಾಕುತ್ತಾಳೆ. ಹೆಡ್ ನರ್ಸ್ ರೌಂಡ್ಸ್ ಮುಗಿದ ಮೇಲೆ, ಬೇರೆಯವರು ಇಲ್ಲದಾಗ, 'ಡಾಕ್ಟ್ರೇ, ಹನ್ನೆರಡನೇ ಬೆಡ್ಡಿನ ಡೋಸ್ ಒಮ್ಮೆ ನೋಡ್ತೀರಾ' ಅನ್ನುತ್ತಾಳೆ. ವೈದ್ಯರ ಮುಖಕ್ಕೂ ಭಂಗವಿಲ್ಲ, ಡೋಸೂ ಸರಿಯಾಯಿತು. ಇದನ್ನು 'ಅನುಚಿತ ವರ್ತನೆಯನ್ನು ಎದುರಿಸುವುದು' ಎಂಬ ಸಾಲಿಗೆ 5 ಅಂತ ಅವಳು ಬರೆಯುತ್ತಾಳೆಯೇ? ಇಲ್ಲ. ಎದುರಿಸಿದೆ ಅಂತ ಅವಳಿಗೆ ಅನ್ನಿಸುವುದೇ ಇಲ್ಲ. ಕೆಲಸ ಆಗಿದೆ, ಅಂಕ ಬಿದ್ದಿಲ್ಲ.

ಅದೇ ನಿಯಮಾವಳಿಯ 19ನೇ ವಿಧಿ ಇನ್ನೊಂದು ಮುಖ. ಪ್ರಕೃತಿ ವಿಕೋಪ, ಸಾಂಕ್ರಾಮಿಕ ಬಂದಾಗ ಆರೋಗ್ಯ ಇಲಾಖೆ ಅಥವಾ ಆಸ್ಪತ್ರೆ ಕಳಿಸಿದ ಕಡೆ ನರ್ಸ್ ಹೋಗಬೇಕು. ನಿಯಮ ಜಾರಿಗೆ ಬಂದ ಅದೇ ದಿನ, 2008ರ ಮೇ 12ರ ಮಧ್ಯಾಹ್ನ, ಸಿಚುವಾನ್‌ನ ವೆಂಚ್ವಾನ್‌ನಲ್ಲಿ ಭೂಕಂಪ ಆಯಿತು. ನರ್ಸ್‌ಗಳ ದಿನವೂ ಅದೇ. ಕಾಗದದ ಮಸಿ ಆರುವ ಮೊದಲೇ ಪರೀಕ್ಷೆ ಬಂತು.

ತ್ಯಾಗದ ಈ ಮಾತು ಚೀನಾದ ನರ್ಸಿಂಗ್‌ನಲ್ಲಿ ಬಹಳ ದೊಡ್ಡದು, ಅದರ ಬಗ್ಗೆ ನನಗೆ ಎರಡು ಮನಸ್ಸಿದೆ. 1942ರಲ್ಲಿ ಯೆನಾನ್‌ನಲ್ಲಿ ಮಾವೊ ನರ್ಸ್‌ಗಳ ದಿನಕ್ಕೆ ಬರೆದುಕೊಟ್ಟ ಸಾಲು 'ನರ್ಸ್‌ಗಳನ್ನು ಗೌರವಿಸಿ, ನರ್ಸ್‌ಗಳನ್ನು ಪ್ರೀತಿಯಿಂದ ಕಾಪಾಡಿ' ಅಂತ. ಜಪಾನ್ ವಿರುದ್ಧದ ಆ ಯುದ್ಧಕಾಲದ ನರ್ಸಿಂಗ್‌ನ ಜೊತೆ ನಮಗೂ ಒಂದು ನಂಟಿದೆ. 1938ರ ಭಾರತೀಯ ವೈದ್ಯಕೀಯ ತಂಡದಲ್ಲಿ ಹೋದ ಸೊಲ್ಲಾಪುರದ ಡಾ. ದ್ವಾರಕಾನಾಥ್ ಕೋಟ್ನಿಸ್ ಅಲ್ಲೇ ಮದುವೆಯಾದದ್ದು ಗುವೊ ಚಿಂಗ್‌ಲಾನ್ ಅವರನ್ನು. ಅವರು ನರ್ಸಿಂಗ್ ಕಲಿಸುತ್ತಿದ್ದವರು. 2003ರಲ್ಲಿ ಸಾರ್ಸ್ ಬಂದಾಗ ಗ್ವಾಂಗ್‌ಝೌನ ಹೆಡ್ ನರ್ಸ್ ಯೆ ಶಿನ್, 'ಇಲ್ಲಿ ಅಪಾಯ ಇದೆ, ನಾನು ಮಾಡ್ತೀನಿ' ಅಂತ ಕಿರಿಯರನ್ನು ಹಿಂದೆ ಸರಿಸಿ ತಾವು ಮುಂದೆ ನಿಂತರು. ಸೋಂಕು ತಗುಲಿ ತೀರಿಕೊಂಡರು. ಅವರ ಆ ಮಾತು ಅಲ್ಲಿ ಮನೆಮಾತು. 2020ರಲ್ಲಿ ಕೋವಿಡ್ ಬಂದಾಗ ಹುಬೇ ಪ್ರಾಂತ್ಯಕ್ಕೆ ಹೊರಗಿನಿಂದ ಹೋದ ಸುಮಾರು 42,600 ವೈದ್ಯಕೀಯ ಸಿಬ್ಬಂದಿಯಲ್ಲಿ 28,600 ಮಂದಿ ನರ್ಸ್‌ಗಳು. ಮೂರರಲ್ಲಿ ಎರಡು ಪಾಲು!

ಇವರ ಮುಂದೆ ತಲೆಬಾಗದೆ ಇರಲು ಆಗುವುದಿಲ್ಲ. ಆದರೆ ಒಳ್ಳೆಯ ನರ್ಸ್ ಅಂದರೆ ಹೀಗೇ ಇರಬೇಕು, ತನ್ನದನ್ನು ಕೇಳಬಾರದು ಎಂಬ ಚಿತ್ರ ಒಮ್ಮೆ ಗಟ್ಟಿಯಾದರೆ, ಸಂಬಳ ಕೇಳುವ ನರ್ಸ್ ಸ್ವಾರ್ಥಿಯಂತೆ ಕಾಣತೊಡಗುತ್ತಾಳೆ. ಚೀನಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಖಾಯಂ ಹುದ್ದೆಯ ನರ್ಸ್ ಪಕ್ಕದಲ್ಲೇ ಗುತ್ತಿಗೆ ನರ್ಸ್ ಅದೇ ಪಾಳಿ, ಅದೇ ಕೆಲಸ ಮಾಡುತ್ತಾಳೆ. ಸೌಲಭ್ಯ ಮಾತ್ರ ಬೇರೆ. 'ಸಮಾನ ಕೆಲಸಕ್ಕೆ ಸಮಾನ ವೇತನ' ಅಂತ ಸರ್ಕಾರ ಪದೇ ಪದೇ ಹೇಳಿದೆ. ಪದೇ ಪದೇ ಹೇಳಬೇಕಾಗಿ ಬಂದಿದೆ ಎಂಬುದರಲ್ಲೇ ಎಲ್ಲ ಗೊತ್ತಾಗುತ್ತದೆ. ಮುಂದಿನ ವರ್ಷ ಗುತ್ತಿಗೆ ನವೀಕರಣ ಆಗುತ್ತದೋ ಇಲ್ಲವೋ ಗೊತ್ತಿಲ್ಲದವಳು 'ಕೆಲಸದ ವಾತಾವರಣ ಸುಧಾರಿಸಲು ಮೊದಲ ಹೆಜ್ಜೆ ಇಡುವುದು' ಎಂಬ ಸಾಲಿಗೆ 5 ಹಾಕಲಿಲ್ಲ ಅಂದರೆ, ಅದು ಮೌಲ್ಯದ ಕೊರತೆ ಅಂತ ಹೇಗೆ ಹೇಳುತ್ತೀರಿ? ಗುತ್ತಿಗೆ ಸಿಸ್ಟರ್‌ಗಳನ್ನು ನೀವೂ ನೋಡಿದ್ದೀರಿ.

ಹಾಗಾದರೆ ಕೈಗೆ ಎಟಕಿದಾಗ ಏನಾಗುತ್ತದೆ? ಅದಕ್ಕೂ ಈಗ ಉದಾಹರಣೆ ಸಿಗುತ್ತಿದೆ. 2019ರಲ್ಲಿ ಬೀಜಿಂಗ್, ಶಾಂಘೈ, ಗ್ವಾಂಗ್‌ಡಾಂಗ್ ಸೇರಿ ಆರು ಕಡೆ, ಆ್ಯಪ್ ಮೂಲಕ ಕರೆದರೆ ನರ್ಸ್ ಮನೆಗೇ ಬಂದು ಸೇವೆ ಕೊಡುವ ಪ್ರಯೋಗ ಶುರುವಾಯಿತು. ಕನಿಷ್ಠ ಐದು ವರ್ಷ ಅನುಭವ ಇರುವವರಿಗೆ ಮಾತ್ರ ಅವಕಾಶ. 2023ರ ಜನವರಿಯಿಂದ ಶೆನ್‌ಝೆನ್‌ನಲ್ಲಿ ತಜ್ಞ ನರ್ಸ್‌ಗಳು ಕೆಲವು ತಪಾಸಣೆಗಳಿಗೆ, ಮೈಮೇಲೆ ಹಚ್ಚುವ ಕೆಲವು ಔಷಧಗಳಿಗೆ ತಾವೇ ಚೀಟಿ ಬರೆಯಬಹುದು. ಚೀನಾದ ಮಟ್ಟಿಗೆ ಇದು ದೊಡ್ಡ ಹೆಜ್ಜೆ. ಹಾಸಿಗೆ ಹುಣ್ಣಿಗೆ ಯಾವ ಡ್ರೆಸಿಂಗ್ ಅಂತ ಮನೆಯಲ್ಲಿ ಒಬ್ಬಳೇ ನಿಂತು ನಿರ್ಧರಿಸುವ ನರ್ಸಿಗೆ ನಿಮ್ಮ ಪ್ರಶ್ನಾವಳಿ ಕೊಟ್ಟರೆ ಉತ್ತರ ಬೇರೆ ಬರಬಹುದು ಎಂಬುದು ನನ್ನ ಊಹೆ. ಯಾರಾದರೂ ಮಾಡಿ ನೋಡಬೇಕಾದ ಅಧ್ಯಯನ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಪ್ರಶ್ನಾವಳಿ ಬಳಸಬಹುದು. ಮಾಡಿದವರ ಅನುಮತಿ ತೆಗೆದುಕೊಳ್ಳಿ. ಕನ್ನಡಕ್ಕೆ ತರುವುದಾದರೆ ಒಬ್ಬರು ಕನ್ನಡಕ್ಕೆ, ಮೂಲ ನೋಡದ ಇನ್ನೊಬ್ಬರು ವಾಪಸ್ ಇಂಗ್ಲಿಷ್‌ಗೆ ಮಾಡಿ ತಾಳೆ ನೋಡುವ ಕ್ರಮ ನಿಮಗೆ ಗೊತ್ತೇ ಇದೆ. ಚೀನಾದ ಸರಾಸರಿಯ ಜೊತೆ ನಿಮ್ಮ ಸರಾಸರಿಯನ್ನು ಇಟ್ಟು 'ನಾವು ಮುಂದೆ, ಅವರು ಹಿಂದೆ' ಅನ್ನುವುದು ಮಾತ್ರ ಬೇಡ. ಒಬ್ಬರು 44 ಸಾಲಿನದ್ದು ಬಳಸಿರುತ್ತಾರೆ, ಇನ್ನೊಬ್ಬರು 26ರದ್ದು. ಭಾಗಗಳನ್ನು ವಿಂಗಡಿಸಿದ ರೀತಿಯೂ ಬೇರೆ ಇರಬಹುದು. 'ಚೀನೀ ನರ್ಸ್' ಅಂತ ತಲೆಬರಹ ಇರುವ ಪೇಪರ್ ತೈವಾನಿನದ್ದೋ ಹಾಂಗ್‌ಕಾಂಗಿನದ್ದೋ ಇರಬಹುದು. ಅಲ್ಲಿನ ವ್ಯವಸ್ಥೆಯೇ ಬೇರೆ. ನಾನು ಮೇಲೆ ಹೇಳಿದ ಮೂವತ್ತು ವರ್ಷದ ಖಾಲಿ ಜಾಗ ಅವರಿಗೆ ಅನ್ವಯಿಸುವುದಿಲ್ಲ.

ಮಾಹಿತಿ ಹೇಗೆ ಸಂಗ್ರಹಿಸಿದರು ಎಂಬುದನ್ನೂ ನೋಡಿ. ಈಚಿನ ಚೀನೀ ಪೇಪರ್‌ಗಳಲ್ಲಿ ಬಹಳಷ್ಟು ವೆನ್‌ಜುವಾನ್‌ಶಿಂಗ್ ಎಂಬ ಆನ್‌ಲೈನ್ ಪ್ರಶ್ನಾವಳಿ ತಾಣದ ಕೊಂಡಿಯನ್ನು ವೀಚಾಟ್ ಗುಂಪಿಗೆ ಹಾಕಿ ಮಾಡಿದವು. ಗುಂಪಿನಲ್ಲಿ ಹೆಡ್ ನರ್ಸ್ ಇರುತ್ತಾಳೆ. ಎಷ್ಟೋ ಸಲ ಕೊಂಡಿ ಕಳಿಸುವವಳೂ ಅವಳೇ. ಡ್ಯೂಟಿ ಮುಗಿದು ಮೆಟ್ರೊದಲ್ಲಿ ಕೂತು ಮೊಬೈಲಿನಲ್ಲಿ 26 ಸಾಲಿಗೂ ಪಟಪಟ ಅಂತ ಒತ್ತಿದರೆ ಎಲ್ಲಕ್ಕೂ 4, 5 ಬೀಳುತ್ತದೆ. ಒಟ್ಟು ಅಂಕ ಯಾವಾಗಲೂ ಮೇಲೇ ಇರುವುದಕ್ಕೆ ಇದೂ ಒಂದು ಕಾರಣ. ನೀವು ನರ್ಸಿಂಗ್ ಸೂಪರಿಂಟೆಂಡೆಂಟ್ ಕೈಯಲ್ಲಿ ಹಂಚಿಸಬೇಡಿ. ಹೆಸರು ಬೇಡ, ವಾರ್ಡ್ ಸಂಖ್ಯೆಯೂ ಬೇಡ. ಮುಚ್ಚಿದ ಡಬ್ಬಿ ಇಡಿ.

ನಾನಾಗಿದ್ದರೆ ಪ್ರತಿ ಸಾಲಿನ ಪಕ್ಕ ಇನ್ನೊಂದು ಕಾಲಂ ಸೇರಿಸುತ್ತಿದ್ದೆ: 'ಕಳೆದ ಮೂರು ತಿಂಗಳಲ್ಲಿ ಇದನ್ನು ಮಾಡುವ ಅವಕಾಶ ನಿಮಗೆ ಸಿಕ್ಕಿತೇ?' ಹೌದು, ಇಲ್ಲ, ಅಷ್ಟೇ. ಈ ಕಾಲಂ ಮೂಲ ಪ್ರಶ್ನಾವಳಿಯ ಭಾಗವಲ್ಲ, ಹಾಗಾಗಿ ಅದರ ಅಂಕಕ್ಕೆ ಕೂಡಿಸಬೇಡಿ, ಬೇರೆ ಕೋಷ್ಟಕದಲ್ಲಿ ತೋರಿಸಿ. ಮುಖ್ಯ ಅಂದವರೆಷ್ಟು, ಅವಕಾಶ ಸಿಕ್ಕವರೆಷ್ಟು, ಎರಡರ ನಡುವಿನ ಅಂತರ ಎಷ್ಟು ಎಂಬುದು ಸಾಲು ಸಾಲಾಗಿ ಕಾಣುತ್ತದೆ. ಖಾಯಂ ಮತ್ತು ಗುತ್ತಿಗೆ ಸಿಸ್ಟರ್‌ಗಳನ್ನು ಬೇರೆ ಬೇರೆ ಲೆಕ್ಕ ಹಾಕಿ. ಐದಾರು ಜನರ ಜೊತೆ ಡ್ಯೂಟಿ ಇಲ್ಲದ ಹೊತ್ತಿನಲ್ಲಿ ಕೂತು ಮಾತಾಡಿ. ಕಡಿಮೆ ಅಂಕ ಬಿದ್ದ ಸಾಲುಗಳನ್ನು ತೋರಿಸಿ, ಯಾಕೆ ಅಂತ ಕೇಳಿ. ಈ ಕಾಲಂ ಮತ್ತು ಮಾತುಕತೆ ಎರಡನ್ನೂ ಎಥಿಕ್ಸ್ ಕಮಿಟಿಗೆ ಕೊಡುವ ಅರ್ಜಿಯಲ್ಲಿ ಈಗಲೇ ಬರೆಯಿರಿ. ಆಮೇಲೆ ಸೇರಿಸಲು ಹೋದರೆ ಮತ್ತೆ ಅನುಮತಿಗೆ ಕಾಯಬೇಕಾಗುತ್ತದೆ, ಎರಡನೇ ವರ್ಷದಲ್ಲಿ ಅಷ್ಟು ಸಮಯ ನಿಮಗಿರುವುದಿಲ್ಲ.